ತೆಗೆದುಹಾಕುವ ಕಷ್ಟ: ಪ್ರೋಗ್ರಾಮಿಂಗ್ ಭಾಷೆಗಳು ಬೆಳೆಯುವ ಬಗೆ

(ಪುಣೆಯಲ್ಲಿ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಈ ಊರಿನಲ್ಲೇ, ಪಾಷಾಣ್‌ನಲ್ಲಿ, ಐಐಟಿಎಂ ಇದೆ. ಉಷ್ಣವಲಯದ ಹವಾಮಾನವನ್ನು ಅಧ್ಯಯನ ಮಾಡುವ ಸಂಸ್ಥೆ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ‘ಅರ್ಕ’ ಎಂಬ ಸೂಪರ್‌ಕಂಪ್ಯೂಟರ್ ಉದ್ಘಾಟನೆಯಾಯಿತು. 11.77 ಪೆಟಾಫ್ಲಾಪ್ ಸಾಮರ್ಥ್ಯದ ಯಂತ್ರ. ಮುಂಗಾರಿನ ಲೆಕ್ಕ ಹಾಕುವ ಮಾದರಿಗಳು ಇಂಥ ಯಂತ್ರಗಳ ಮೇಲೆ ಓಡುತ್ತವೆ. ಆ ಮಾದರಿಗಳ ಬಹುಪಾಲು ಕೋಡ್ ಯಾವ ಭಾಷೆಯಲ್ಲಿದೆ ಗೊತ್ತಾ? ಫೋರ್ಟ್ರಾನ್‌ನಲ್ಲಿ. ಐಬಿಎಂನ ಜಾನ್ ಬ್ಯಾಕಸ್ ಮತ್ತು ಅವರ ತಂಡ 1957ರಲ್ಲಿ ಹೊರತಂದ ಭಾಷೆ ಅದು. ನಮ್ಮೂರಲ್ಲಿ ಬಿತ್ತನೆಗೆ ಕಾಯುವ ರೈತನಿಗೂ ಆ ಭಾಷೆಗೂ ಇವತ್ತಿಗೂ ಸಂಬಂಧ ಇದೆ.

ಇದನ್ನು ಮೊದಲು ಹೇಳಲು ಕಾರಣ ಇದೆ. ಹೊಸ ಭಾಷೆ ಬಂದಾಗೆಲ್ಲ ‘ಹಳೆಯದರ ಕಥೆ ಮುಗಿಯಿತು’ ಎಂಬ ಮಾತು ಕೇಳುತ್ತದೆ. ಹಾಗೆ ಆಗುವುದು ತುಂಬಾ ಕಡಿಮೆ. ಒಮ್ಮೆ ಬರೆದ ಕೋಡ್ ಕೆಲಸ ಮಾಡುತ್ತಿದ್ದರೆ ಅದನ್ನು ಯಾರೂ ಮುಟ್ಟುವುದಿಲ್ಲ. ಮುಂಬೈಯ ಬ್ಯಾಂಕು, ವಿಮಾ ಕಂಪನಿಗಳಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ದೀರಿ, ನಿಮಗೆ ಇದು ಗೊತ್ತು. 2000ನೇ ಇಸವಿ ಹತ್ತಿರ ಬಂದಾಗ ನಮ್ಮ ಎಷ್ಟೋ ಜನ ಕೋಬಾಲ್ ಎಂಬ ಹಳೆಯ ಭಾಷೆ ಕಲಿತು ವಿದೇಶದ ಬ್ಯಾಂಕುಗಳ ತಾರೀಕು ಸರಿಮಾಡಿದರು. ಎರಡೇ ಅಂಕಿಯಲ್ಲಿ ವರ್ಷ ಬರೆದಿಟ್ಟ ಆ ಕೋಡ್ ಅಷ್ಟು ದಿನ ಬದುಕುತ್ತದೆ ಅಂತ ಬರೆದವರೇ ಅಂದುಕೊಂಡಿರಲಿಲ್ಲ.

ಹಾಗಾಗಿ ‘ಯಾವ ಭಾಷೆ ಒಳ್ಳೆಯದು’ ಎಂದು ನಾನು ಇವತ್ತು ಹೇಳಲು ಹೋಗುವುದಿಲ್ಲ. ಬೇರೆ ಒಂದು ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿದೆ. ಒಂದು ಭಾಷೆಯಲ್ಲಿ ಏನೋ ತಪ್ಪಾಗಿದೆ ಅಂತ ಎಲ್ಲರಿಗೂ ಗೊತ್ತಾದ ಮೇಲೆ, ಅದನ್ನು ಹೇಗೆ ತೆಗೆಯುವುದು?

ಪುಣೆಯ ಪೇಟೆಗಳಲ್ಲಿ ಹಳೆಯ ವಾಡೆಗಳನ್ನು ನೋಡಿದ್ದೀರಿ. ತಲೆಮಾರುಗಳಿಂದ ಬಾಡಿಗೆದಾರರು ಒಳಗಿದ್ದಾರೆ. ಮೇಲೆ ಇನ್ನೊಂದು ಕೋಣೆ ಏರಿಸಬಹುದು. ನಡುವಿನ ಒಂದು ಗೋಡೆ ತೆಗೆಯುವುದು ಕಷ್ಟ, ಯಾಕೆಂದರೆ ಆ ಗೋಡೆಗೆ ಒರಗಿ ಯಾರೋ ಸಂಸಾರ ಮಾಡುತ್ತಿದ್ದಾರೆ. ಭಾಷೆಯ ಗತಿಯೂ ಅದೇ. ಸೇರಿಸುವುದಕ್ಕೆ ಎಲ್ಲರೂ ಒಪ್ಪುತ್ತಾರೆ. ಆದರೆ ಭಾಷೆ ನಿಜವಾಗಿ ಸುಧಾರಿಸುವುದು ಏನನ್ನಾದರೂ ತೆಗೆದಾಗ. ಇದು ನನ್ನ ಗಟ್ಟಿ ಅಭಿಪ್ರಾಯ.

ಹಳೆ ಬಳಕೆದಾರರ ಹಿಡಿತ ಎಷ್ಟು ಬೇಗ ಶುರುವಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ, ಕೋಡಿನ ತುಂಡುಗಳಿಂದ ಪ್ರೋಗ್ರಾಮ್ ಕಟ್ಟುವ ಸಾಧನ ಬರೆದರು. ಅದರಲ್ಲಿ ಕೆಲವು ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ನಡೆಯುವುದಿಲ್ಲ. ಇದು ಸರಿಯಿಲ್ಲ ಅಂತ ಅವರಿಗೆ ಆಗಲೇ ಅನ್ನಿಸಿತ್ತು. ಆದರೆ ಕೆಲವೇ ವಾರಗಳಲ್ಲಿ ಸುಮಾರು 12 ಮಂದಿ ಅದನ್ನು ಬಳಸುತ್ತಿದ್ದರು, ಹೆಚ್ಚಿನವರು ಸ್ನೇಹಿತರು. ಅವರಿಗೆ ತೊಂದರೆ ಆಗಬಾರದು ಅಂತ ಹಾಗೇ ಬಿಟ್ಟರು. ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಹುಡುಗರು ಆ ಟ್ಯಾಬ್‌ಗೆ ಎಡವುತ್ತಾರೆ.

ಫೋರ್ಟ್ರಾನ್‌ಗೇ ಬರೋಣ. ಅದರಲ್ಲಿ ವೇರಿಯಬಲ್‌ಗಳನ್ನು, ಅಂದರೆ ಬೆಲೆ ಇಟ್ಟುಕೊಳ್ಳುವ ಹೆಸರುಗಳನ್ನು, ಮೊದಲೇ ಘೋಷಿಸಬೇಕಿರಲಿಲ್ಲ. ಹೆಸರು ಐಯಿಂದ ಎನ್‌ವರೆಗಿನ ಅಕ್ಷರದಿಂದ ಶುರುವಾದರೆ ಅದು ಪೂರ್ಣಾಂಕ, ಉಳಿದದ್ದೆಲ್ಲ ದಶಮಾಂಶ. ಜೊತೆಗೆ ಪದಗಳ ನಡುವಿನ ಖಾಲಿ ಜಾಗಕ್ಕೆ ಅರ್ಥವೇ ಇರಲಿಲ್ಲ. ಇವೆರಡೂ ಸೇರಿದರೆ ಏನಾಗುತ್ತದೆ ನೋಡಿ. ‘ಡು 10 ಐ = 1, 10’ ಅಂದರೆ ಹತ್ತು ಸಲ ಸುತ್ತುವ ಲೂಪ್. ಆ ಅಲ್ಪವಿರಾಮದ ಜಾಗದಲ್ಲಿ ಕೈತಪ್ಪಿ ಚುಕ್ಕಿ ಬಿದ್ದರೆ, ‘ಡು10ಐ’ ಎಂಬ ಹೊಸ ವೇರಿಯಬಲ್ ಹುಟ್ಟಿ ಅದಕ್ಕೆ 1.10 ಎಂಬ ಬೆಲೆ ಸಿಗುತ್ತದೆ. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಒಂದು ಮಾತೂ ಆಡುವುದಿಲ್ಲ. ಲೂಪ್ ಮಾಯ.

ಇದಕ್ಕೆ ಫೋರ್ಟ್ರಾನ್ 90ರಲ್ಲಿ ಮದ್ದು ಬಂತು. ಮೇಲೆ ‘ಇಂಪ್ಲಿಸಿಟ್ ನನ್’ ಅಂತ ಒಂದು ಸಾಲು ಬರೆದರೆ ಘೋಷಿಸದ ವೇರಿಯಬಲ್ ಕಂಡ ಕೂಡಲೇ ಕಂಪೈಲರ್ ತಡೆಯುತ್ತದೆ. ಆದರೆ ಆ ಸಾಲನ್ನು ನೀವೇ ಬರೆಯಬೇಕು. ಬರೆಯದಿದ್ದರೆ ಇವತ್ತಿಗೂ ಹಳೆಯ ನಿಯಮವೇ. ಇನ್ನೂ ಒಂದು ಸಂಗತಿ. 1995ರ ಆವೃತ್ತಿಯಲ್ಲಿ ಒಂದು ಬಗೆಯ ಗೋಟುವನ್ನು (ಕೋಡಿನ ಬೇರೆ ಕಡೆಗೆ ಹಾರುವ ಆದೇಶ), 2018ರ ಆವೃತ್ತಿಯಲ್ಲಿ ಹಳೆಯ ಅಂಕಗಣಿತದ ಇಫ್ ಎಂಬ ಷರತ್ತಿನ ಆದೇಶವನ್ನು ಭಾಷೆಯಿಂದ ತೆಗೆದರು. ಕಾಗದದ ಮೇಲೆ ತೆಗೆದರು ಅಷ್ಟೆ. ಕಂಪೈಲರ್‌ಗಳು ಅವನ್ನು ಈಗಲೂ ಸ್ವೀಕರಿಸುತ್ತವೆ. ಸ್ವೀಕರಿಸದೆ ಏನು ಮಾಡುತ್ತವೆ? ಆ ಕೋಡ್ ಮೇಲೆ ಹವಾಮಾನ ನಿಂತಿದೆ, ಸೇತುವೆಗಳ ಲೆಕ್ಕ ನಿಂತಿದೆ.

ಗೋಟು ಅಂದೆ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅದು ಹಾನಿಕರ ಅಂತ ಬರೆದ ಪತ್ರ ದೊಡ್ಡ ಗದ್ದಲ ಎಬ್ಬಿಸಿತು. ಕೋಡಿನ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಹಾರಬಹುದು ಎಂಬ ಸ್ವಾತಂತ್ರ್ಯ ಹೋದರೆ ಪ್ರೋಗ್ರಾಮರ್ ಕೈ ಕಟ್ಟಿದಂತೆ ಅಂತ ತುಂಬಾ ಜನ ವಾದಿಸಿದರು. ಈಗ ಅದಿಲ್ಲದೆ ಎಲ್ಲರೂ ನೆಮ್ಮದಿಯಾಗಿದ್ದೇವೆ. ಬಳಸಿ ಮುಗಿದ ಮೆಮೊರಿಯನ್ನು ಕೈಯಾರೆ ಬಿಡುಗಡೆ ಮಾಡುವ ಅಧಿಕಾರವೂ ಎಷ್ಟೋ ಭಾಷೆಗಳಲ್ಲಿ ಹಾಗೆಯೇ ಹೋಯಿತು. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯಲ್ಲಿ 1950ರ ದಶಕದ ಕೊನೆಗೇ ಅದನ್ನು ಯಂತ್ರಕ್ಕೆ ವಹಿಸಿದ್ದರು. ಕಂಪನಿಗಳ ದಿನನಿತ್ಯದ ಕೋಡಿಗೆ ಅದು ದೊಡ್ಡದಾಗಿ ಬರಲು 1995ರ ಜಾವಾವರೆಗೆ ಕಾಯಬೇಕಾಯಿತು. ಒಳ್ಳೆಯ ವಿಚಾರವೊಂದು ಇಷ್ಟು ನಿಧಾನವಾಗಿ ನಡೆಯುತ್ತದೆ ಅನ್ನುವುದು ನನಗೆ ಈಗಲೂ ನೋವಿನ ವಿಷಯ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ, ನಲ್.

ಪ್ರೋಗ್ರಾಮರ್ ಅಲ್ಲದವರಿಗಾಗಿ ಹೇಳುತ್ತೇನೆ. ಒಂದು ಜಾಗದಲ್ಲಿ ಮಾಹಿತಿ ಇರಬೇಕು. ಇಲ್ಲದಿದ್ದರೆ ಅಲ್ಲಿ ‘ಏನೂ ಇಲ್ಲ’ ಎಂಬ ಗುರುತು ಇಡುತ್ತೇವೆ. ಅದೇ ನಲ್. 1965ರಲ್ಲಿ ಟೋನಿ ಹೋರ್ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಅದನ್ನು ಸೇರಿಸಿದರು. ಅಳವಡಿಸುವುದು ಅಷ್ಟು ಸುಲಭವಾಗಿತ್ತು, ಆಸೆ ತಡೆಯಲಾಗಲಿಲ್ಲ ಅಂತ 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಹೇಳಿದರು. ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂತ ಕರೆದರು. ತಾವು ಕಂಡುಹಿಡಿದದ್ದನ್ನು ಸಭೆಯ ಮುಂದೆ ನಿಂತು ಹೀಗೆ ತೂಗಿದ ಆ ಹಿರಿಯರ ಬಗ್ಗೆ ನನಗೆ ಅಪಾರ ಗೌರವ.

ಇದರ ತೊಂದರೆ ನಮಗೇ ಗೊತ್ತಿರುವ ಒಂದು ಜಾಗದಲ್ಲಿ ಕಾಣುತ್ತದೆ. ಇಲ್ಲಿನ ಫಾರ್ಮುಗಳಲ್ಲಿ ಮೂರು ಖಾನೆ: ಹೆಸರು, ಅಪ್ಪನ ಹೆಸರು, ಆಡನಾವ (ಅಡ್ಡಹೆಸರು). ಬೆಳಗಾವಿ, ವಿಜಯಪುರ ಕಡೆಯವರಿಗೆ ಅಡ್ಡಹೆಸರು ಇರುತ್ತದೆ, ತುಂಬಿಸುತ್ತಾರೆ. ಮೈಸೂರು, ಹಾಸನ ಕಡೆಯ ಎಷ್ಟೋ ಜನರಿಗೆ ಇನಿಷಿಯಲ್ ಮಾತ್ರ. ಖಾನೆ ಖಾಲಿ. ಒಳಗೆ ನಲ್ ಕೂರುತ್ತದೆ. ಆ ನಲ್‌ಗೆ ಏನರ್ಥ? ಈ ಮನುಷ್ಯನಿಗೆ ಅಡ್ಡಹೆಸರು ಇಲ್ಲ ಅಂತಲೋ, ಕೇಳಲು ಮರೆತೆವು ಅಂತಲೋ, ಹಳೆಯ ದಾಖಲೆಯಿಂದ ತರುವಾಗ ಕಳೆದುಹೋಯಿತು ಅಂತಲೋ? ಮೂರಕ್ಕೂ ಒಂದೇ ಗುರುತು. ಆಮೇಲೆ ಎಲ್ಲೋ ದೂರದಲ್ಲಿ, ಬೇರೆ ಯಾರೋ ಬರೆದ ಕೋಡ್ ಆ ಅಡ್ಡಹೆಸರಿನ ಮೊದಲ ಅಕ್ಷರ ಕೇಳುತ್ತದೆ. ಪ್ರೋಗ್ರಾಮ್ ಅಲ್ಲೇ ಬೀಳುತ್ತದೆ. ಕಂಪೈಲರ್‌ಗೆ ಇದನ್ನು ಮೊದಲೇ ಹಿಡಿಯುವ ದಾರಿ ಇರಲಿಲ್ಲ, ಯಾಕೆಂದರೆ ಭಾಷೆಯ ಪ್ರಕಾರ ಎಲ್ಲ ಅಡ್ಡಹೆಸರೂ ನಲ್ ಆಗಬಹುದು.

ಪರಿಹಾರ 1970ರ ದಶಕದಿಂದಲೇ ರೂಪುಗೊಳ್ಳುತ್ತಾ ಬಂದಿತ್ತು. ಎಡಿನ್‌ಬರೋದಲ್ಲಿ ರಾಬಿನ್ ಮಿಲ್ನರ್ ಶುರುಮಾಡಿದ ಎಂಎಲ್ ಭಾಷೆಯ ಕುಟುಂಬದಲ್ಲಿ ‘ಇರಬಹುದು, ಇಲ್ಲದಿರಬಹುದು’ ಎಂಬುದನ್ನು ಟೈಪ್‌ನಲ್ಲೇ, ಅಂದರೆ ಮಾಹಿತಿ ಯಾವ ಬಗೆಯದು ಎಂಬ ಗುರುತಿನಲ್ಲೇ, ಬರೆಯುತ್ತಾರೆ. ಬರೆದ ಮೇಲೆ ಎರಡೂ ಸಂದರ್ಭಕ್ಕೆ ಉತ್ತರ ಕೊಡದೆ ಮುಂದೆ ಹೋಗಲು ಕಂಪೈಲರ್ ಬಿಡುವುದಿಲ್ಲ. ಮುಖ್ಯವಾಹಿನಿಯ ಭಾಷೆಗಳು ಇದನ್ನು ಒಪ್ಪಿಕೊಳ್ಳಲು ಮೂರು, ನಾಲ್ಕು ದಶಕ ಹಿಡಿಯಿತು. 2014ರಲ್ಲಿ ಬಂದ ಸ್ವಿಫ್ಟ್, 2016ರಲ್ಲಿ 1.0 ತಲುಪಿದ ಕೋಟ್ಲಿನ್ ಮೊದಲಿನಿಂದಲೇ ಹೀಗೆ ಹುಟ್ಟಿದವು. ಹುಟ್ಟುವಾಗಲೇ ಸರಿ ಇರುವುದು ಸುಲಭ. ನನ್ನ ಮೆಚ್ಚುಗೆ ಡಾರ್ಟ್‌ಗೆ ಜಾಸ್ತಿ. ಅದು ನಲ್ ಇರುವ ಭಾಷೆಯಾಗಿಯೇ ವರ್ಷಗಟ್ಟಲೆ ಬಳಕೆಯಲ್ಲಿತ್ತು. 2021ರ ಮಾರ್ಚ್‌ನಲ್ಲಿ 2.12 ಆವೃತ್ತಿಯಲ್ಲಿ ಹೊಸ ನಿಯಮ ತಂದರು. ಆದರೆ ಬೇಕಾದ ಪ್ಯಾಕೇಜ್ (ಕೋಡಿನ ಒಂದು ಕಟ್ಟು) ಮಾತ್ರ ಅದಕ್ಕೆ ಬದಲಾಗಬಹುದಿತ್ತು, ಹಳೆಯದು ಹೊಸದು ಎರಡೂ ಒಟ್ಟಿಗೆ ಓಡುತ್ತಿದ್ದವು, ಕೋಡ್ ಬದಲಿಸಿಕೊಡಲು ಸಾಧನವನ್ನೂ ಕೊಟ್ಟರು. ಎರಡು ವರ್ಷ ಕಾಯ್ದು, 2023ರ ಮೇ ತಿಂಗಳಲ್ಲಿ ಡಾರ್ಟ್ 3 ಬಂದಾಗ ಹಳೆಯ ದಾರಿ ಮುಚ್ಚಿದರು. ಓಡುತ್ತಿರುವ ಭಾಷೆಯಿಂದ ಇಷ್ಟು ದೊಡ್ಡದನ್ನು ಇಷ್ಟು ಕಡಿಮೆ ಗದ್ದಲದಲ್ಲಿ ತೆಗೆದದ್ದು ನಾನು ಬೇರೆಲ್ಲೂ ನೋಡಿಲ್ಲ. ಡಾರ್ಟ್ ಮೇಲೆ ನಿಂತ ಫ್ಲಟರ್‌ನಲ್ಲಿ ಆ್ಯಪ್ ಬರೆಯುವ ಹುಡುಗರು ದಿನವೂ ಬಳಸುವ ಈ ಕೆಲಸದ ಹಿಂದೆ ಎಷ್ಟು ತಾಳ್ಮೆ ಇದೆ ಅಂತ ತಿಳಿದಿರಬೇಕು.

ತೆಗೆಯುವ ಕೆಲಸದಲ್ಲಿ ಜಾಸ್ತಿ ಬೈಸಿಕೊಂಡದ್ದು ಪೈಥಾನ್. 2008ರ ಡಿಸೆಂಬರ್‌ನಲ್ಲಿ ಪೈಥಾನ್ 3 ಬಂತು. ಹಳೆಯ ಕೋಡ್ ಅದರಲ್ಲಿ ಓಡುತ್ತಿರಲಿಲ್ಲ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. 11 ವರ್ಷ ಎರಡು ಪೈಥಾನ್‌ಗಳ ನಡುವೆ ಜನ ಒದ್ದಾಡಿದರು. ಇದನ್ನು ದೊಡ್ಡ ಅನಾಹುತ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕನ್ನಡಿಗನಾಗಿ ಒಪ್ಪುವುದಿಲ್ಲ.

ಯಾಕೆ ಅಂದರೆ, ಆ ಬದಲಾವಣೆಯ ನಡುಮಧ್ಯೆ ಇದ್ದದ್ದು ಅಕ್ಷರಗಳ ಪ್ರಶ್ನೆ. ಪೈಥಾನ್ 2ರಲ್ಲಿ ಪಠ್ಯ ಅಂದರೆ ಸುಮ್ನೆ ಬೈಟ್‌ಗಳ, ಅಂದರೆ ಕಂಪ್ಯೂಟರ್ ಮಾಹಿತಿ ಇಡುವ ಚಿಕ್ಕ ಖಾನೆಗಳ, ಸಾಲು. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಹಾಗಾಗಿ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಯೂನಿಕೋಡ್ ಎಂಬ ಜಗತ್ತಿನ ಲಿಪಿಗಳ ಪಟ್ಟಿಯಲ್ಲಿ ಪ್ರತಿ ಗುರುತಿಗೂ ಒಂದು ಸಂಖ್ಯೆ, ಅದೇ ಕೋಡ್‌ಪಾಯಿಂಟ್. ಅದನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್‌ಗೆ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಪದವನ್ನು ಕೊಟ್ಟು ಉದ್ದ ಕೇಳಿದರೆ ಪೈಥಾನ್ 2 ಹೇಳುತ್ತಿದ್ದದ್ದು 18. ಮೊದಲ ಅಕ್ಷರ ಕೊಡು ಅಂದರೆ ಅರ್ಥವಿಲ್ಲದ ಒಂದು ಚೂರು. ಬೈಟ್‌ಗಳನ್ನೂ ಯೂನಿಕೋಡ್ ಪಠ್ಯವನ್ನೂ ಬೆರೆಸಿದರೆ, ಪರೀಕ್ಷೆಯಲ್ಲಿ ಇಂಗ್ಲಿಷ್ ಹೆಸರುಗಳಿಗೆ ಎಲ್ಲ ಸರಿ, ಕನ್ನಡದ ಮೊದಲ ಗ್ರಾಹಕ ಬಂದ ದಿನ ಪ್ರೋಗ್ರಾಮ್ ನಿಂತುಹೋಗುವುದು. ಪೈಥಾನ್ 3 ಬೈಟ್ ಬೇರೆ, ಪಠ್ಯ ಬೇರೆ ಅಂತ ಗೆರೆ ಎಳೆಯಿತು. ಬೆರೆಸುವ ಅಧಿಕಾರವನ್ನು ತೆಗೆಯಿತು. ಆ ಗೆರೆಗಾಗಿ ಇಂಗ್ಲಿಷ್ ಮಾತ್ರ ಬಳಸುವವರು ಬೆಲೆ ತೆತ್ತರು, ಲಾಭ ಸಿಕ್ಕಿದ್ದು ನಮ್ಮಂಥವರಿಗೆ. ಹೀಗೆ ಆಗುವುದು ಅಪರೂಪ, ಅಲ್ವಾ?

ಕೆಲಸ ಪೂರ್ತಿ ಮುಗಿದಿಲ್ಲ. ಪೈಥಾನ್ 3 ‘ಸ್ತ್ರೀ’ ಪದದ ಉದ್ದ 6 ಅನ್ನುತ್ತದೆ: ಸ, ವಿರಾಮ (ಒತ್ತಕ್ಷರ ಕೂಡಿಸುವ ‘್’ ಗುರುತು), ತ, ವಿರಾಮ, ರ, ಈಕಾರ. ಜಾವಾ, ಜಾವಾಸ್ಕ್ರಿಪ್ಟ್ ಕೂಡ 6 ಅನ್ನುತ್ತವೆ. ಸ್ವಿಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಓದುಗರ ಕಣ್ಣಿನಿಂದ ಎಣಿಸಲು ನೋಡುತ್ತದೆ, 3 ಅನ್ನುತ್ತದೆ. ನಮ್ಮ ಒಂದನೇ ತರಗತಿಯ ಮಗುವನ್ನು ಕೇಳಿದರೆ ಒಂದು ಅಕ್ಷರ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯದೆ ಒಂದಾಗಿ ಹಿಡಿಯುವ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಆ ಪಟ್ಟಿಯಲ್ಲಿದ್ದವು. ಕನ್ನಡ ಇರಲಿಲ್ಲ. ಇದು ಯಾರೋ ಬಂದು ಸರಿಮಾಡುವ ವಿಷಯ ಅಂತ ಕೂರಬಾರದು. ಯೂನಿಕೋಡ್‌ಗೆ ಪ್ರಸ್ತಾವನೆ ಯಾರು ಬೇಕಾದರೂ ಕಳಿಸಬಹುದು.

ಪೈಥಾನ್ ನಡೆದ ದಾರಿಯಲ್ಲಿ ಒಂದು ಕೊರತೆ ಇತ್ತು. ಒಂದೇ ಪ್ರೋಗ್ರಾಮಿನಲ್ಲಿ ಅರ್ಧ 2, ಅರ್ಧ 3 ಇರಲು ಸಾಧ್ಯವಿರಲಿಲ್ಲ. ನೀವು ಬಳಸುವ ಪ್ರತಿ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್) ದಾಟುವವರೆಗೂ ನೀವು ಈ ದಡದಲ್ಲೇ. ರಸ್ಟ್ ಭಾಷೆ ಈ ಪಾಠವನ್ನು ಚೆನ್ನಾಗಿ ಕಲಿಯಿತು. 2015ರ ಮೇ ತಿಂಗಳಲ್ಲಿ ಅದರ 1.0 ಬಂತು. ಆಮೇಲೆ 2018, 2021, 2024 ಅಂತ ಎಡಿಷನ್‌ಗಳು. ಪ್ರತಿ ಪ್ಯಾಕೇಜ್ ತಾನು ಯಾವ ಎಡಿಷನ್ ಅಂತ ಒಂದು ಸಾಲಿನಲ್ಲಿ ಹೇಳುತ್ತದೆ. 2015ರ ನಿಯಮದ ಪ್ಯಾಕೇಜನ್ನು 2024ರ ನಿಯಮದ ಕೋಡ್ ನೇರವಾಗಿ ಕರೆಯಬಹುದು. ‘ಅಸಿಂಕ್’ ಎಂಬುದನ್ನು 2018ರಲ್ಲಿ ಭಾಷೆಯ ಮೀಸಲು ಪದ ಮಾಡಿದಾಗ, ಆ ಹೆಸರಿನ ವೇರಿಯಬಲ್ ಇಟ್ಟುಕೊಂಡಿದ್ದ ಹಳೆಯ ಕೋಡ್‌ಗೆ ಏನೂ ಆಗಲಿಲ್ಲ.

ರಸ್ಟ್ ತೆಗೆದ ಅಧಿಕಾರ ಇನ್ನೂ ದೊಡ್ಡದು. ಒಂದೇ ಮಾಹಿತಿಯನ್ನು ಕೋಡಿನ ಎರಡು ಭಾಗಗಳು ಒಟ್ಟಿಗೆ ಹಿಡಿದು, ಅದರಲ್ಲಿ ಒಂದು ಬದಲಿಸುವುದನ್ನು ಅದು ಬಿಡುವುದಿಲ್ಲ. ಕಲಿಯುವಾಗ ಇದು ಕಷ್ಟ, ಕಂಪೈಲರ್ ಜೊತೆ ದಿನಗಟ್ಟಲೆ ಜಗ್ಗಾಡಬೇಕು. ಆದರೂ ಬೇಕು. ತಾನು ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು ಶೇಕಡ 70 ಮೆಮೊರಿಯ ತಪ್ಪುಗಳು ಅಂತ ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತು. ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಹುಟ್ಟುವ ತಪ್ಪುಗಳವು. ನಮ್ಮ ಫೋನಿನಲ್ಲಿ ಬ್ಯಾಂಕ್ ಇದೆ, ಅಪ್ಪ ಅಮ್ಮನ ಪೆನ್ಷನ್ ಇದೆ. ‘ಒಳ್ಳೆಯ ಪ್ರೋಗ್ರಾಮರ್ ಆದರೆ ಎಚ್ಚರಿಕೆಯಿಂದ ಬರೆಯುತ್ತಾನೆ’ ಎಂಬ ಮಾತು ಇನ್ನು ಸಾಕು. ಜಗತ್ತಿನ ಅತ್ಯುತ್ತಮರು ಎಚ್ಚರಿಕೆಯಿಂದ ಬರೆದಾಗಲೇ ಈ ಶೇಕಡ 70 ಬಂದಿರುವುದು. 2022ರ ಡಿಸೆಂಬರ್‌ನ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ 6.1 ಕರ್ನಲ್‌ನಲ್ಲಿ ರಸ್ಟ್‌ಗೆ ಜಾಗ ಸಿಕ್ಕಿತು. ಅದು ಸರಿಯಾದ ದಾರಿ ಅಂತ ನನ್ನ ನಂಬಿಕೆ.

ಸಿ ಪ್ಲಸ್ ಪ್ಲಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೇರಿಸುತ್ತಲೇ ಹೋಗಿ ಏನನ್ನೂ ಬಿಡದಿದ್ದರೆ ಭಾಷೆ ಒಬ್ಬ ಮನುಷ್ಯನ ತಲೆಯಲ್ಲಿ ಹಿಡಿಯುವುದಿಲ್ಲ, ಅಷ್ಟೇ. ಗೋ ಭಾಷೆಯವರು ತದ್ವಿರುದ್ಧ. 2012ರ 1.0ರ ನಂತರ ಜೆನೆರಿಕ್ಸ್ (ಒಂದೇ ಕೋಡನ್ನು ಹಲವು ಟೈಪ್‌ಗಳಿಗೆ ಬಳಸುವ ಸೌಲಭ್ಯ) ಬೇಕು ಅಂತ ಜನ ಕೇಳುತ್ತಲೇ ಇದ್ದರು, ಅವರು ಕೊಟ್ಟದ್ದು 2022ರಲ್ಲಿ. ತೆಗೆಯುವುದು ಕಷ್ಟ ಅಂತ ಗೊತ್ತಿದ್ದವರು ಸೇರಿಸಲು ಹತ್ತು ವರ್ಷ ಯೋಚಿಸಿದರು.

ಜಾವಾ ಇವೆರಡರ ನಡುವೆ. ಅದರಲ್ಲಿ ಓಡುತ್ತಿರುವ ಥ್ರೆಡ್ಡನ್ನು (ಪ್ರೋಗ್ರಾಮಿನೊಳಗಿನ ಒಂದು ಕೆಲಸದ ಎಳೆಯನ್ನು) ಥಟ್ಟನೆ ನಿಲ್ಲಿಸುವ ‘ಸ್ಟಾಪ್’ ಅಪಾಯಕಾರಿ, ಬಳಸಬೇಡಿ ಅಂತ 1998ರಲ್ಲಿ ಹೇಳಿದರು. ಅದು ನಿಜವಾಗಿ ಕೆಲಸ ಮಾಡುವುದನ್ನು ನಿಲ್ಲಿಸಿದ್ದು 2023ರ ಜಾವಾ 20ರಲ್ಲಿ. ಕಾಲು ಶತಮಾನ. ಇನ್ನು ಜಾವಾಸ್ಕ್ರಿಪ್ಟ್‌ನಲ್ಲಿ ತೆಗೆಯುವ ಮಾತೇ ಇಲ್ಲ, ಹೊಸದಕ್ಕೆ ಹೆಸರಿಡುವುದೂ ಕಷ್ಟ. ಪಟ್ಟಿಯೊಳಗಿನ ಪಟ್ಟಿಯನ್ನು ಬಿಡಿಸುವ ಹೊಸ ಸೌಲಭ್ಯಕ್ಕೆ ‘ಫ್ಲ್ಯಾಟನ್’ ಅಂತ ಹೆಸರಿಡಲು ಹೊರಟಿದ್ದರು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರು ಬಳಸಿತ್ತು. ಅದರ ಮೇಲೆ ನಿಂತ ಹಳೆಯ ತಾಣಗಳು ಮುರಿಯುತ್ತವೆ ಅಂತ 2018ರಲ್ಲಿ ತಿಳಿಯಿತು. ಕೊನೆಗೆ ‘ಫ್ಲ್ಯಾಟ್’ ಅಂತ ಇಟ್ಟರು. ಆ ಹಳೆಯ ತಾಣಗಳಲ್ಲಿ ಯಾರದೋ ಚಿಕ್ಕ ಅಂಗಡಿ, ಯಾವುದೋ ಶಾಲೆಯ ಪುಟವೂ ಇದ್ದಿರಬಹುದು. ಅದನ್ನು ಮುರಿಯದೆ ಇದ್ದದ್ದೇ ನನಗೆ ಸಮಾಧಾನ.

ಈಗ ಯಂತ್ರವೇ ಕೋಡ್ ಬರೆಯುತ್ತದಲ್ಲ, ಇನ್ನು ಭಾಷೆ ಯಾವುದಾದರೇನು ಅಂತ ಕೆಲವರು ಕೇಳುತ್ತಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಎಐ ಕಲಿತದ್ದು ಈಗಾಗಲೇ ಇರುವ ಕೋಡಿನಿಂದ. ಹಳೆಯ ಅಭ್ಯಾಸಗಳನ್ನೂ ಅದು ಅಷ್ಟೇ ಚೆನ್ನಾಗಿ ಕಲಿತಿದೆ. ನಾನು ಬರೆಯದ ನೂರಾರು ಸಾಲನ್ನು ನಾನು ಒಪ್ಪಿಕೊಳ್ಳಬೇಕಾದಾಗ, ‘ಇದನ್ನು ಬಿಡುವುದಿಲ್ಲ’ ಅನ್ನುವ ಕಂಪೈಲರ್ ನನಗೆ ಮೊದಲಿಗಿಂತ ಜಾಸ್ತಿ ಬೇಕು.

ಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬ ತಾಯಿ, ಮಗಳು ಡಿಪ್ಲೊಮಾ ಸೇರಿದ್ದಾಳೆ, ಯಾವ ಭಾಷೆಯಿಂದ ಶುರುಮಾಡಲಿ ಅಂತ ಕೇಳಿದರು. ಪೈಥಾನ್‌ನಿಂದ ಶುರುಮಾಡಲಿ. ಒಂದು ವರ್ಷದ ನಂತರ, ಟೈಪ್‌ಗಳ ವಿಷಯದಲ್ಲಿ ಬಿಗಿಯಾದ ಒಂದು ಭಾಷೆ ಕಲಿಯಲಿ, ಕೋಟ್ಲಿನ್ ಆದರೂ ಆಗಬಹುದು, ರಸ್ಟ್ ಆದರೂ ಆಗಬಹುದು. ಮೊದಲನೆಯದು ಧೈರ್ಯ ಕೊಡುತ್ತದೆ, ಎರಡನೆಯದು ಯೋಚನೆಯನ್ನು ಗಟ್ಟಿ ಮಾಡುತ್ತದೆ. ನಡುವೆ ಒಮ್ಮೆ ಸಿ ಓದಲಿ, ಒಳಗೆ ಮೆಮೊರಿ ಹೇಗಿರುತ್ತದೆ ಅಂತ ಕಣ್ಣಾರೆ ಕಾಣಲು.

ಇನ್ನೊಬ್ಬರು, ಕನ್ನಡದಲ್ಲೇ ಪ್ರೋಗ್ರಾಮಿಂಗ್ ಭಾಷೆ ಯಾಕೆ ಇಲ್ಲ ಅಂದರು. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ‘ವಯಸ್ಸು’ ಅಂತ ಕನ್ನಡದಲ್ಲೇ ಹೆಸರಿಡಬಹುದು. ಅದು ಈಗಲೇ ಓಡುತ್ತದೆ. ಇಫ್, ಫಾರ್ ಎಂಬ ಮೂವತ್ತು ಚಿಲ್ಲರೆ ಮೀಸಲು ಪದಗಳನ್ನು ಮಕ್ಕಳು ವಾರದಲ್ಲಿ ಕಲಿಯುತ್ತಾರೆ, ಅದು ತಡೆಯಲ್ಲ. ತಡೆ ಇರುವುದು ಎರರ್ ಸಂದೇಶದಲ್ಲಿ. 2021ರ ಪೈಥಾನ್ 3.10 ಆ ಸಂದೇಶಗಳನ್ನು ಬಹಳ ಸ್ಪಷ್ಟ ಮಾಡಿತು, ಮುಚ್ಚದ ಆವರಣ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತದೆ. ಆದರೆ ಇಂಗ್ಲಿಷ್‌ನಲ್ಲಿ. ನಮ್ಮ ರಾಜ್ಯದಲ್ಲೇ, ಮಹಾರಾಷ್ಟ್ರದಲ್ಲೇ, ಜತ್, ಅಕ್ಕಲಕೋಟ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಆ ಮಕ್ಕಳು ಮೊದಲ ಎರರ್ ಕಂಡಾಗ ಪಕ್ಕದಲ್ಲಿ ಒಂದು ಕನ್ನಡ ವಿವರಣೆ ಇರಬೇಕು. ಮತ್ತೆ ಮತ್ತೆ ಬರುವ ಎರರ್‌ಗಳು ಕೆಲವೇ: ಹೆಸರು ತಪ್ಪಿದ್ದು, ಇಂಡೆಂಟ್ (ಸಾಲಿನ ಮೊದಲಿನ ಖಾಲಿ ಜಾಗ) ತಪ್ಪಿದ್ದು, ಸಂಖ್ಯೆಗೆ ಪಠ್ಯ ಕೂಡಿಸಿದ್ದು, ಪಟ್ಟಿಯ ಅಂಚು ದಾಟಿದ್ದು. ಇವನ್ನು ಕನ್ನಡದಲ್ಲಿ ತಿಳಿಯಾಗಿ ಬರೆದು ಆ ಶಾಲೆಗಳ ಶಿಕ್ಷಕರಿಗೆ ತೋರಿಸೋಣ, ಎಲ್ಲಿ ಅರ್ಥವಾಗಲಿಲ್ಲ ಅಂತ ಅವರಿಂದ ಕೇಳಿ ತಿದ್ದೋಣ. ಮುಂದಿನ ಭಾನುವಾರ ಲ್ಯಾಪ್‌ಟಾಪ್ ತರಬಲ್ಲವರು ತನ್ನಿ, ಇದೇ ಜಾಗದಲ್ಲಿ ಕೂತು ಹೆಸರು ತಪ್ಪಿದ ಎರರ್‌ನಿಂದ ಶುರುಮಾಡೋಣ.